ಸಂತರ ಕೈಯಲ್ಲಿ ಏನಿದೆ ನೋಡಿ: ಫ್ರಾನ್ಸಿನ ಪ್ರಾರ್ಥನಾ ಹಸ್ತಪ್ರತಿಗಳ ಚಿತ್ರಗಳನ್ನು ಓದುವ ಬಗೆ

ಫ್ರಾನ್ಸಿನ ಮಧ್ಯಯುಗದ ಪ್ರಾರ್ಥನಾ ಪುಸ್ತಕವೊಂದನ್ನು ಮೊದಲ ಸಲ ಕಂಪ್ಯೂಟರ್ ಪರದೆಯ ಮೇಲೆ ತೆರೆದಾಗ ಕಣ್ಣು ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ನೀಲಿ ಬಣ್ಣ, ಅಂಚಿನ ಬಳ್ಳಿ, ಸ್ಟ್ರಾಬೆರಿ ಹಣ್ಣು, ಹಕ್ಕಿ. ನಡುವೆ ನಿಂತಿರುವ ವ್ಯಕ್ತಿ ಯಾರು ಎಂದು ಕೇಳಿಕೊಳ್ಳುವ ಮೊದಲೇ ಮುಂದಿನ ಪುಟಕ್ಕೆ ಹೋಗಿರುತ್ತೇವೆ. ಆ ಪುಸ್ತಕವನ್ನು ಬರೆಸಿಕೊಂಡವರಿಗಾದರೋ ಆ ವ್ಯಕ್ತಿಯೇ ಮುಖ್ಯ. ಹೆರಿಗೆಯ ಸಂಕಟಕ್ಕೆ ಒಬ್ಬರು, ಹಲ್ಲುನೋವಿಗೆ ಒಬ್ಬರು, ಪ್ಲೇಗಿಗೆ ಒಬ್ಬರು, ಹಠಾತ್ ಸಾವನ್ನು ತಪ್ಪಿಸಲು ಇನ್ನೊಬ್ಬರು ಎಂದು ಹೆಸರು ಹಿಡಿದು ಕರೆಯುವುದಕ್ಕಾಗಿ ಬರೆಸಿದ ಚಿತ್ರಗಳು ಅವು. ಯಾರನ್ನು ಕರೆಯುತ್ತಿದ್ದರು ಎಂಬುದು ತಿಳಿಯದಿದ್ದರೆ ಚಿತ್ರದ ಅರ್ಧವೇ ನಮಗೆ ದಕ್ಕುವುದು. ಲ್ಯಾಟಿನ್ ಬಾರದ, ಫ್ರೆಂಚ್ ಬಾರದ ಓದುಗರೂ ಈ ಸಂತರನ್ನು ಗುರುತಿಸಲು ಕಲಿಯಬಹುದು. ಅದಕ್ಕೊಂದು ಕ್ರಮವಿದೆ.

ಮೊದಲು ಪುಸ್ತಕ ಹುಡುಕಿಕೊಳ್ಳಿ

ಬುಕ್ ಆಫ್ ಅವರ್ಸ್ ಎಂದು ಕರೆಯುವ ಪುಸ್ತಕಗಳಿಂದ ಆರಂಭಿಸುವುದು ಒಳ್ಳೆಯದು. ದಿನದ ಎಂಟು ಹೊತ್ತುಗಳಲ್ಲಿ ಹೇಳುವ ಪ್ರಾರ್ಥನೆಗಳನ್ನು ಪಾದ್ರಿಗಳಲ್ಲದ ಗೃಹಸ್ಥರಿಗಾಗಿ ಜೋಡಿಸಿದ ಪುಸ್ತಕಗಳಿವು. 13ನೆಯ ಶತಮಾನದಿಂದ 16ನೆಯ ಶತಮಾನದವರೆಗೆ ಇವು ಬಳಕೆಯಲ್ಲಿದ್ದವು. ಪ್ಯಾರಿಸ್, ರೂಆನ್, ತೂರ್, ಬೂರ್ಜ್ ನಗರಗಳ ಕಾರ್ಯಾಗಾರಗಳು ಇವಕ್ಕೆ ಹೆಸರಾಗಿದ್ದವು. ರಾಣಿಯರು, ಡ್ಯೂಕರು ಬರೆಸಿಕೊಂಡಂತೆ ನಗರದ ವ್ಯಾಪಾರಿಗಳು, ವಕೀಲರು, ಅವರ ಮನೆಯ ಹೆಂಗಸರೂ ಬರೆಸಿಕೊಂಡರು. ಹೀಗಾಗಿ ಉಳಿದುಬಂದಿರುವ ಪ್ರತಿಗಳೂ ಬಹಳ.

ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಜಾಲತಾಣದಲ್ಲಿ ಇಡೀ ಪುಸ್ತಕವನ್ನು ಉಚಿತವಾಗಿ, ಹಾಳೆ ಹಾಳೆಯಾಗಿ ತೆರೆಯಬಹುದು. ಅದೇ ಗ್ರಂಥಾಲಯದ ಮಾಂದ್ರಗೋರ್ ಎಂಬ ದತ್ತಸಂಚಯದಲ್ಲಿ ಚಿತ್ರದ ವಿಷಯವನ್ನೇ ಕೊಟ್ಟು ಹುಡುಕುವ ಸೌಲಭ್ಯವಿದೆ. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯ, ಮೆಟ್ರೊಪಾಲಿಟನ್ ಮ್ಯೂಸಿಯಂ, ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಂ, ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂ ಇವುಗಳ ಸಂಗ್ರಹದಲ್ಲೂ ಫ್ರೆಂಚ್ ಪ್ರತಿಗಳಿವೆ.

ಫ್ರೆಂಚ್ ತಾಣಗಳಲ್ಲಿ ಹುಡುಕುವಾಗ ಸಂತರ ಹೆಸರು ಫ್ರೆಂಚ್ ರೂಪದಲ್ಲೇ ಇರಬೇಕು. ನಮಗೆ ಪರಿಚಿತರಾದ ಲಾರೆನ್ಸರು ಅಲ್ಲಿ ಲೋರಾಂ, ಸ್ಟೀಫನ್ ಎತಿಯೆನ್, ಜೇಮ್ಸ್ ಜಾಕ್, ಅಂತೋಣಿ ಆಂತ್ವಾನ್, ನಿಕೋಲಸ್ ನಿಕೋಲಾ. ಈ ಐದಾರು ರೂಪಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ.

ಪುಸ್ತಕದೊಳಗೆ ಸಂತರ ಜಾಗ ಯಾವುದು

ಈ ಪುಸ್ತಕಗಳಿಗೆ ಹೆಚ್ಚುಕಡಿಮೆ ಒಂದೇ ಕಟ್ಟು. ಮೊದಲು ಹನ್ನೆರಡು ತಿಂಗಳ ಪಂಚಾಂಗ, ಬಳಿಕ ನಾಲ್ಕು ಸುವಾರ್ತೆಗಳ ಆಯ್ದ ಭಾಗ, ಮಾತೆ ಮರಿಯಳ ಪ್ರಾರ್ಥನೆಗಳು, ಶಿಲುಬೆಯ ಮತ್ತು ಪವಿತ್ರಾತ್ಮದ ಪ್ರಾರ್ಥನೆಗಳು, ಪಶ್ಚಾತ್ತಾಪದ ಏಳು ಕೀರ್ತನೆಗಳು, ಸತ್ತವರಿಗಾಗಿ ಮಾಡುವ ಪ್ರಾರ್ಥನೆ. ಇವೆಲ್ಲ ಮುಗಿದ ಮೇಲೆ, ಸಾಮಾನ್ಯವಾಗಿ ಪುಸ್ತಕದ ಕೊನೆಯ ಭಾಗದಲ್ಲಿ, ಒಬ್ಬೊಬ್ಬ ಸಂತರಿಗೂ ಒಂದೊಂದು ಪುಟ್ಟ ಪ್ರಾರ್ಥನೆ ಬರುತ್ತದೆ. ನಮಗೆ ಬೇಕಾದ ಚಿತ್ರಗಳು ಹೆಚ್ಚಾಗಿ ಇರುವುದು ಅಲ್ಲಿಯೇ. ಆದ್ದರಿಂದ ಹೊಸ ಹಸ್ತಪ್ರತಿಯನ್ನು ತೆರೆದಾಗ ಕೊನೆಯಿಂದ ಹಿಂದಕ್ಕೆ ಬನ್ನಿ.

ಅಪವಾದಗಳು ಇಲ್ಲದಿಲ್ಲ. ಪ್ಯಾರಿಸ್ಸಿನ ಜಾಕ್‌ಮಾರ್-ಆಂದ್ರೆ ಮ್ಯೂಸಿಯಂನಲ್ಲಿರುವ, ಮಾರ್ಷಲ್ ಬೂಸಿಕೊ ಬರೆಸಿಕೊಂಡ ಪುಸ್ತಕ ಸಂತರ ಚಿತ್ರಗಳಿಂದಲೇ ಆರಂಭವಾಗುತ್ತದೆ. ಯೋಧನಾಗಿದ್ದ ಆತನಿಗೆ ತನ್ನ ಸಂತರು ಮೊದಲು ಬೇಕಾಗಿದ್ದರು.

ಸಂತರ ಸಾಲಿಗೂ ಒಂದು ಶ್ರೇಣಿಯಿದೆ. ತ್ರಿತ್ವ ಮತ್ತು ಮರಿಯ ಮೊದಲು, ನಂತರ ದೇವದೂತ ಮಿಕೇಲ್, ಸ್ನಾನಿಕ ಯೊವಾನ್ನ, ಪ್ರೇಷಿತರು ಎನ್ನುವ ಯೇಸುವಿನ ಶಿಷ್ಯರು, ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳು, ಬಿಷಪರು ಮತ್ತು ಸನ್ಯಾಸಿಗಳು, ಕೊನೆಯಲ್ಲಿ ಸ್ತ್ರೀಯರು. ಗುರುತು ಸಿಗದ ಸಂತರ ಹಿಂದೆ ಮುಂದೆ ಯಾರಿದ್ದಾರೆ ಎಂದು ನೋಡಿದರೆ ಆ ಸಂತರು ಯಾವ ಗುಂಪಿಗೆ ಸೇರಿದವರು ಎಂಬುದಾದರೂ ತಿಳಿಯುತ್ತದೆ.

ಕೆಂಪು ಅಕ್ಷರ ಓದಿ

ಚಿತ್ರದ ಕೆಳಗೋ ಹಿಂದಿನ ಪುಟದ ಕೊನೆಯ ಸಾಲಿನಲ್ಲೋ ಕೆಂಪು ಶಾಯಿಯಲ್ಲಿ ಒಂದು ಸಣ್ಣ ಶೀರ್ಷಿಕೆ ಇರುತ್ತದೆ. ಪುರುಷರಾದರೆ ‘ದೆ ಸಾಂಕ್ಟೊ’, ಸ್ತ್ರೀಯಾದರೆ ‘ದೆ ಸಾಂಕ್ಟಾ’ ಎಂದು ಬರೆದು ಮುಂದೆ ಹೆಸರು. ಲಿಪಿಕಾರರು ಜಾಗ ಉಳಿಸಲು ಸಾಂಕ್ಟೊ ಪದವನ್ನು ಎಸ್, ಸಿ, ಓ ಎಂಬ ಮೂರೇ ಅಕ್ಷರಕ್ಕೆ ಇಳಿಸಿ ಮೇಲೊಂದು ಗೀರು ಎಳೆಯುತ್ತಿದ್ದರು. ಸ್ತ್ರೀಯಾದರೆ ಮೂರನೆಯ ಅಕ್ಷರ ಎ. ಆ ಕಾಲದ ಉದ್ದನೆಯ ಎಸ್ ನಮ್ಮ ಕಣ್ಣಿಗೆ ಎಫ್‌ನಂತೆ ಕಾಣುತ್ತದೆ. ಇಷ್ಟು ತಿಳಿದಿದ್ದರೆ ಲ್ಯಾಟಿನ್ ಬಾರದವರೂ ಹೆಸರನ್ನು ಕೂಡಿಸಿ ಓದಬಹುದು. ಕ್ಯಾಥರೀನ್ ಹೆಸರು ಆಗ ಕೆ ಅಕ್ಷರದಿಂದ ಆರಂಭವಾಗುವುದುಂಟು. ಕ್ರಿಸ್ಟೊಫರ್ ಹೆಸರಿನ ಕಾಗುಣಿತ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಗಾಬರಿಯಾಗಬೇಡಿ, ಮೊದಲ ನಾಲ್ಕು ಅಕ್ಷರ ಹೊಂದಿದರೆ ಸಾಕು.

ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಬಿಡಿ ಹಾಳೆಗಳಲ್ಲಿ ಹಲವು ಬಾರಿ ಶೀರ್ಷಿಕೆ ಹಿಂದಿನ ಹಾಳೆಯೊಂದಿಗೆ ಹೋಗಿಬಿಟ್ಟಿರುತ್ತದೆ. ಆಗ ಉಳಿಯುವ ದಾರಿ ಚಿತ್ರವೊಂದೇ.

ಮುಖ ಬಿಡಿ, ಕೈ ನೋಡಿ

ಹದಿನೈದನೆಯ ಶತಮಾನದ ಕಾರ್ಯಾಗಾರದಲ್ಲಿ ಬರೆದ ಸ್ತ್ರೀ ಸಂತರ ಮುಖಗಳೆಲ್ಲ ಅಕ್ಕತಂಗಿಯರಂತೆ ಇರುತ್ತವೆ: ಎತ್ತರದ ಹಣೆ, ಹೊಂಬಣ್ಣದ ಸಡಿಲ ಕೂದಲು, ಇಳಿಬಿದ್ದ ರೆಪ್ಪೆ. ಮುಖದಿಂದ ಏನೂ ತಿಳಿಯದು. ಜೈನ ಬಸದಿಯಲ್ಲಿ ಒಂದೇ ಭಂಗಿಯ ತೀರ್ಥಂಕರರನ್ನು ಪೀಠದ ಲಾಂಛನ ನೋಡಿ ಗುರುತಿಸುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಲಾಂಛನ ಕೈಯಲ್ಲಿರಬಹುದು, ಕಾಲಬುಡದಲ್ಲಿರಬಹುದು, ಬೆನ್ನ ಹಿಂದಿರಬಹುದು. ಹೆಚ್ಚಿನ ಸಲ ಅದು ಅವರನ್ನು ಹಿಂಸಿಸಿದ ಸಾಧನವೇ ಆಗಿರುತ್ತದೆ.

ಅಲೆಕ್ಸಾಂಡ್ರಿಯಾದ ಕ್ಯಾಥರೀನ್ ಪಕ್ಕದಲ್ಲಿ ಮೊಳೆಗಳುಳ್ಳ ಮುರಿದ ಚಕ್ರ, ಕೈಯಲ್ಲಿ ಖಡ್ಗ, ತಲೆಯ ಮೇಲೆ ಕಿರೀಟ. ಚಕ್ರ ಆಕೆಯನ್ನು ಕೊಲ್ಲಲಾಗಲಿಲ್ಲ, ದೇವದೂತರು ಅದನ್ನು ಒಡೆದರು, ಕೊನೆಗೆ ಶಿರಚ್ಛೇದವಾಯಿತು ಎಂಬುದು ಕತೆ. ಅದಕ್ಕಾಗಿಯೇ ಎರಡೂ ವಸ್ತು. ಕೆಲವೆಡೆ ಆಕೆಯ ಪಾದದಡಿ ಒಬ್ಬ ಗಡ್ಡದ ರಾಜ ಬಿದ್ದಿರುತ್ತಾನೆ. ಆಕೆಯನ್ನು ಕೊಲ್ಲಿಸಿದ ಚಕ್ರವರ್ತಿ ಅವನು. ಬಾರ್ಬರಾ ಎಂದರೆ ಮೂರು ಕಿಟಕಿಗಳ ಗೋಪುರ. ಅಪೊಲೋನಿಯಾ ಹಿಡಿದಿರುವುದು ಇಕ್ಕಳ, ಅದರ ಬಾಯಲ್ಲಿ ಒಂದು ಹಲ್ಲು; ಹಲ್ಲುನೋವಿಗೆ ಮೊರೆಯಿಡುತ್ತಿದ್ದದ್ದು ಆಕೆಗೆ. ಮಗ್ದಲದ ಮರಿಯಳ ಕೈಯಲ್ಲಿ ಸುಗಂಧ ತೈಲದ ಭರಣಿ. ಪ್ಯಾರಿಸ್ಸಿನ ರಕ್ಷಕಿ ಜೆನೆವಿಯೇವ್ ಉರಿಯುವ ಮೇಣದ ಬತ್ತಿ ಹಿಡಿದಿರುತ್ತಾಳೆ. ಸೂಕ್ಷ್ಮವಾಗಿ ನೋಡಿದರೆ ಆಕೆಯ ಭುಜದ ಬಳಿ ಪುಟ್ಟ ದೆವ್ವವೊಂದು ತಿದಿ ಒತ್ತಿ ಆ ಬತ್ತಿಯನ್ನು ಆರಿಸುತ್ತಿರುತ್ತದೆ, ಇನ್ನೊಂದು ಬದಿಯಲ್ಲಿ ದೇವದೂತ ಅದನ್ನು ಮತ್ತೆ ಹೊತ್ತಿಸುತ್ತಾನೆ.

ಪುರುಷರಲ್ಲಿ ಸೆಬಾಸ್ಟಿಯನ್ ಸುಲಭ: ಮೈತುಂಬ ಬಾಣ. ಬಾಣವೆಂದರೆ ದೇವರು ಕಳಿಸಿದ ವ್ಯಾಧಿ ಎಂಬ ಹಳೆಯ ನಂಬಿಕೆಯಿಂದ ಪ್ಲೇಗಿನ ಕಾಲದಲ್ಲಿ ಈ ಚಿತ್ರಕ್ಕೆ ಬೇಡಿಕೆ ಬಂತು. ತೊಡೆಯ ಗಾಯ ತೋರಿಸುತ್ತ ನಾಯಿಯ ಜೊತೆ ನಿಂತವರು ರೋಕ್, ಅವರೂ ಪ್ಲೇಗಿನ ಸಂತರೇ. ಮಗುವನ್ನು ಹೆಗಲ ಮೇಲೆ ಹೊತ್ತು ನದಿ ದಾಟುವ ದೈತ್ಯ ಕ್ರಿಸ್ಟೊಫರ್. ಅವರ ಚಿತ್ರವನ್ನು ನೋಡಿದ ದಿನ ಹಠಾತ್ ಸಾವು ಬರದು ಎಂದು ನಂಬಿದ್ದರು. ಟೋಪಿಯ ಮೇಲೆ ಕಪ್ಪೆಚಿಪ್ಪು ಇದ್ದರೆ ಯಾತ್ರಿಕರ ಸಂತ ಜೇಮ್ಸ್. ಗುದ್ದಲಿಯಂಥ ಸಲಿಕೆ ಹಿಡಿದ ಸನ್ಯಾಸಿ ಫಿಯಾಕ್ರ್, ತೋಟಗಾರರ ರಕ್ಷಕ. ಕೆಳಗೆ ಬೆಂಕಿಯಿಟ್ಟು ಕಾಯಿಸುವ ಕಬ್ಬಿಣದ ಜಾಲರಿ ಹಿಡಿದು ಡೀಕನರ ಉಡುಪಿನಲ್ಲಿ ನಿಂತವರು ಲಾರೆನ್ಸ್. ಕಾರ್ಕಳದ ಅತ್ತೂರಿಗೆ ಹೋಗಿಬಂದವರು ಅರಸುವ ಸಂತರೂ ಇವರೇ, ಹಾಗಾಗಿ ನಮ್ಮ ಓದುಗರಿಗೆ ಮೊದಲ ಗುರುತು ಸಿಗುವುದು ಬಹುಶಃ ಇಲ್ಲಿ.

ಅಂತೋಣಿಯವರ ವಿಷಯದಲ್ಲಿ ಮಾತ್ರ ಎಚ್ಚರ. ನಮ್ಮ ಕಡೆಯ ಚರ್ಚುಗಳಲ್ಲಿ ಬಾಲಯೇಸುವನ್ನು ಎತ್ತಿಕೊಂಡು ನಿಂತಿರುವವರು ಪಾದುವಾದ ಅಂತೋಣಿ. ಫ್ರೆಂಚ್ ಪುಸ್ತಕಗಳಲ್ಲಿ ಅವರೂ ಇದ್ದಾರೆ, ಆದರೆ ಹೆಚ್ಚಾಗಿ ಕಾಣುವವರು ಈಜಿಪ್ಟಿನ ಮರುಭೂಮಿಯ ತಪಸ್ವಿ ಅಂತೋಣಿ: ಬಿಳಿ ಗಡ್ಡ, ಟಿ ಆಕಾರದ ಊರುಗೋಲು, ಗಂಟೆ, ಪಕ್ಕದಲ್ಲಿ ಹಂದಿ, ಕೆಲವೊಮ್ಮೆ ಕಾಲ ಬಳಿ ಬೆಂಕಿಯ ನಾಲಗೆ. ರೈ ಧಾನ್ಯಕ್ಕೆ ತಗಲುವ ಎರ್ಗಟ್ ಎಂಬ ಶಿಲೀಂಧ್ರದಿಂದ ಕೈಕಾಲು ಸುಟ್ಟಂತಾಗಿ ಕೊಳೆಯುವ ಕಾಯಿಲೆ ಆಗ ಯುರೋಪನ್ನು ಕಾಡುತ್ತಿತ್ತು. ಅದನ್ನು ‘ಸಂತ ಅಂತೋಣಿಯ ಬೆಂಕಿ’ ಎನ್ನುತ್ತಿದ್ದರು. ಆ ಬೆಂಕಿಯೇ ಚಿತ್ರದಲ್ಲಿರುವುದು.

ಡ್ರ್ಯಾಗನ್ ಕಂಡರೆ ನಿಧಾನಿಸಿ

ಡ್ರ್ಯಾಗನ್ ಇರುವ ಚಿತ್ರದಲ್ಲಿ ಅವಸರ ಮಾಡಿದವರು ತಪ್ಪುತ್ತಾರೆ. ಅದರೊಂದಿಗೆ ಹೋರಾಡುವವರಿಗೆ ರೆಕ್ಕೆಯಿದ್ದರೆ ಮಿಕೇಲ್. ಬೆರ್ರಿಯ ಡ್ಯೂಕ್ ಜಾಂಗಾಗಿ ಲಿಂಬೂರ್ಗ್ ಸಹೋದರರು ಆರಂಭಿಸಿದ ‘ತ್ರೆ ರಿಶ್ ಯೂರ್’ ಪುಸ್ತಕದಲ್ಲಿ ಮಿಕೇಲ್ ಹೋರಾಡುವುದು ಸಮುದ್ರದ ನಡುವಿನ ಮಾಂ-ಸಾಂ-ಮಿಶೆಲ್ ಮಠದ ನೆತ್ತಿಯ ಮೇಲೆ. ಆ ಮಠ ಇಂದಿಗೂ ಅಲ್ಲಿದೆ. ಕುದುರೆ ಏರಿ ಈಟಿ ಹಿಡಿದಿದ್ದರೆ, ಹಿಂದೆ ರಾಜಕುಮಾರಿ ನಿಂತಿದ್ದರೆ ಜಾರ್ಜ್. ಬಿಷಪರ ಕಾಲಬಳಿ ಡ್ರ್ಯಾಗನ್, ಜೊತೆಗೊಬ್ಬ ಕೈದಿ ಇದ್ದರೆ ರೂಆನಿನ ರೊಮಾಂ. ಊರನ್ನು ಕಾಡುತ್ತಿದ್ದ ಪ್ರಾಣಿಯನ್ನು ಹಿಡಿಯಲು ಅವರ ಜೊತೆ ಬರಲು ಒಪ್ಪಿದವನು ಮರಣದಂಡನೆಗೊಳಗಾದ ಕೈದಿಯೊಬ್ಬನೇ ಎಂದು ಆ ಊರಿನ ಕತೆ.

ಇನ್ನು ಮಾರ್ಗರೆಟ್. ಈ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಸೆರೆಮನೆಯಲ್ಲಿ ಆಕೆಯನ್ನು ಡ್ರ್ಯಾಗನ್ ನುಂಗಿತು, ಶಿಲುಬೆಯ ಬಲದಿಂದ ಅದರ ಬೆನ್ನು ಸೀಳಿಕೊಂಡು ಆಕೆ ಹೊರಬಂದಳು. ಚಿತ್ರಕಾರರು ಆರಿಸಿಕೊಳ್ಳುವುದು ಆ ಕ್ಷಣವನ್ನೇ: ಸೊಂಟದ ಮೇಲಿನ ಭಾಗ ಹೊರಗೆ, ಕೈ ಮುಗಿದಿದ್ದಾಳೆ, ಮುಖ ಶಾಂತ. ಈಗ ಚಿತ್ರವನ್ನು ಹಿಗ್ಗಿಸಿ ಡ್ರ್ಯಾಗನ್‌ನ ಬಾಯಿ ನೋಡಿ. ಅದರ ಹಲ್ಲುಗಳ ನಡುವೆ ಆಕೆಯ ಉಡುಪಿನ ಸೆರಗು ಇನ್ನೂ ನೇತಾಡುತ್ತಿರುತ್ತದೆ. ಪ್ರಾಣಿ ಇನ್ನೂ ನುಂಗಿ ಮುಗಿಸಿಲ್ಲ, ಆಕೆ ಆಗಲೇ ಹೊರಗಿದ್ದಾಳೆ! ಒಂದು ಹೊಟ್ಟೆಯಿಂದ ಅಪಾಯವಿಲ್ಲದೆ ಹೊರಬಂದವಳಾದ್ದರಿಂದ ಆಕೆ ಬಸುರಿಯರ ರಕ್ಷಕಿಯಾದಳು. ಹೆರಿಗೆಯ ಹೊತ್ತಿನಲ್ಲಿ ಆಕೆಯ ಜೀವನಚರಿತ್ರೆಯನ್ನು ಓದಿ ಹೇಳುತ್ತಿದ್ದರು, ಕೆಲವೆಡೆ ಆ ಹಸ್ತಪ್ರತಿಯನ್ನೇ ಬಸುರಿಯ ಹೊಟ್ಟೆಯ ಮೇಲಿಡುತ್ತಿದ್ದರು. ಹೆರಿಗೆಯಲ್ಲಿ ಸಾಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಅಂಗೈಯಗಲದ ಈ ಚಿತ್ರ ಎಷ್ಟು ಭಾರ ಹೊತ್ತಿತ್ತು ಎಂಬುದನ್ನು ಊಹಿಸಿಕೊಂಡು ನೋಡಬೇಕು.

ದೊಡ್ಡ ಕಲಾವಿದರು ಲಾಂಛನವನ್ನು ಬಿಟ್ಟುಬಿಡುವುದೂ ಉಂಟು. ತೂರ್ ನಗರದ ಜಾಂ ಫೂಕೆ ರಾಜನ ಖಜಾಂಚಿ ಎತಿಯೆನ್ ಶೆವಾಲಿಯೇಗಾಗಿ 1450ರ ದಶಕದಲ್ಲಿ ಬರೆದ ಹಾಳೆಗಳಲ್ಲಿ ಒಂದು ಈಗ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಮಾರ್ಗರೆಟ್ ಕುರಿ ಕಾಯುತ್ತ ನೂಲು ತೆಗೆಯುವ ಹುಡುಗಿ. ಕುದುರೆಯ ಮೇಲೆ ಬಂದ ಅಧಿಕಾರಿ ಒಲಿಬ್ರಿಯಸ್ ಆಕೆಯ ಮೇಲೆ ಕಣ್ಣು ಹಾಕುತ್ತಾನೆ. ಡ್ರ್ಯಾಗನ್ ಎಲ್ಲಿಯೂ ಇಲ್ಲ. ಅದೇ ಪುಸ್ತಕದ ಅಪೊಲೋನಿಯಾ ಶಾಂತಿಯಿ ಊರಿನ ಕೊಂಡೆ ಮ್ಯೂಸಿಯಂನಲ್ಲಿದ್ದಾಳೆ: ಹಲಗೆಗೆ ಕಟ್ಟಿಹಾಕಿ ಉದ್ದನೆಯ ಇಕ್ಕಳದಿಂದ ಹಲ್ಲು ಕೀಳುತ್ತಿದ್ದಾರೆ, ಸುತ್ತ ನಾಟಕದ ಅಟ್ಟಗಳು, ಕೋಲು ಮತ್ತು ಪುಸ್ತಕ ಹಿಡಿದು ಆಟ ನಡೆಸುವವನೊಬ್ಬ. ಆ ಕಾಲದ ಧಾರ್ಮಿಕ ನಾಟಕಗಳು ಹೇಗೆ ನಡೆಯುತ್ತಿದ್ದವು ಎಂಬುದಕ್ಕೆ ರಂಗಭೂಮಿಯ ವಿದ್ವಾಂಸರು ಇಂದಿಗೂ ಈ ಹಾಳೆಯತ್ತ ಬೊಟ್ಟು ಮಾಡುತ್ತಾರೆ. ಇಂಥ ಕಡೆ ಲಾಂಛನದ ಜೊತೆ ಕತೆಯೂ ಗೊತ್ತಿರಬೇಕು.

ಪಂಚಾಂಗದಿಂದ ಊರು ಪತ್ತೆ

ಸಂತರು ಯಾರೆಂದು ತಿಳಿದ ಮೇಲೆ ಪುಸ್ತಕ ಯಾವ ಊರಿನದು ಎಂದು ಕೇಳಿ. ಪಂಚಾಂಗದ ಪುಟದ ಮೇಲ್ಭಾಗದಲ್ಲಿ ಕೆ ಮತ್ತು ಎಲ್ ಅಕ್ಷರಗಳು ದೊಡ್ಡದಾಗಿ ಹೊಳೆಯುತ್ತವೆ. ಕೆಳಗೆ ದಿನಕ್ಕೊಬ್ಬ ಸಂತರ ಹೆಸರು. ಪ್ಯಾರಿಸ್ಸಿನ ಪುಸ್ತಕಗಳಲ್ಲಿ ಈ ಹೆಸರುಗಳು ಫ್ರೆಂಚಿನಲ್ಲಿ, ಸಾಮಾನ್ಯವಾಗಿ ಒಂದು ಕೆಂಪು ಒಂದು ನೀಲಿಯಂತೆ ಬರುತ್ತವೆ, ದೊಡ್ಡ ಹಬ್ಬಗಳಿಗೆ ಮಾತ್ರ ಚಿನ್ನ. ಜನವರಿ 3ರ ಜೆನೆವಿಯೇವ್, ಅಕ್ಟೋಬರ್ 9ರ ದೆನಿ ಚಿನ್ನದಲ್ಲಿದ್ದರೆ ಪ್ಯಾರಿಸ್ಸಿನ ವಾಸನೆ ಬಂತೆಂದು ತಿಳಿಯಿರಿ. ಕಡಿದ ತನ್ನ ತಲೆಯನ್ನೇ ಕೈಯಲ್ಲಿ ಹಿಡಿದ ಬಿಷಪರು ಈ ದೆನಿ. ಅಕ್ಟೋಬರ್ 23ರ ರೊಮಾಂ ಎದ್ದುಕಂಡರೆ ರೂಆನ್. ಸಂತರನ್ನು ಸಾಲಾಗಿ ಹೆಸರು ಹಿಡಿದು ಕರೆಯುವ ಸ್ತುತಿಮಾಲೆಯಲ್ಲಿಯೂ ಇದೇ ಹೆಸರುಗಳು ಬಂದರೆ ಊಹೆ ಗಟ್ಟಿಯಾಗುತ್ತದೆ. ಪ್ಯಾರಿಸ್ಸಿನ ಪಂಚಾಂಗವನ್ನು ಬೇರೆ ಊರಿನವರೂ ನಕಲು ಮಾಡುತ್ತಿದ್ದರು, ಹಾಗಾಗಿ ಒಂದೇ ಸಾಕ್ಷ್ಯ ನಂಬಬೇಡಿ.

ಪುಸ್ತಕ ಯಾರದು

ಒಡೆಯರ ಹೆಸರೇ ಹಲವು ಬಾರಿ ಸಂತರನ್ನು ಆರಿಸಿರುತ್ತದೆ. ಎತಿಯೆನ್ ಶೆವಾಲಿಯೇಯನ್ನು ಮರಿಯಳ ಮುಂದೆ ಕರೆತರುವವರು ಸಂತ ಎತಿಯೆನ್. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಪ್ಯಾರಿಸ್ಸಿನಲ್ಲಿ ತಯಾರಾದ ಬೆಡ್‌ಫರ್ಡ್ ಪುಸ್ತಕದಲ್ಲಿ ಆನ್ ಎಂಬ ಹೆಸರಿನ ಡಚೆಸ್ ಸಂತ ಆನ್ ಮುಂದೆ ಮೊಣಕಾಲೂರಿದ್ದಾಳೆ. ಇಂಗ್ಲೆಂಡಿನವನಾದ ಆಕೆಯ ಗಂಡ ತನ್ನ ದೇಶದ ರಕ್ಷಕ ಜಾರ್ಜ್ ಮುಂದೆ. ದಾನಿಯ, ಎಂದರೆ ಪುಸ್ತಕ ಬರೆಸಿಕೊಂಡವರ, ಮುಖವನ್ನು ಮಾತ್ರ ನಿಜವಾದ ವ್ಯಕ್ತಿಯಂತೆ ಬರೆದಿರುವುದನ್ನು ಗಮನಿಸಿ.

ಚಿತ್ರದಲ್ಲಿ ದಾನಿ ಇಲ್ಲದಿದ್ದರೆ ಮರಿಯಳ ಪ್ರಾರ್ಥನೆಯೊಂದರಲ್ಲಿ ‘ಫಾಮುಲೊ ತುವೊ’ ಅಥವಾ ‘ಫಾಮುಲೆ ತುವೆ’ ಎಂಬ ಮಾತು ಹುಡುಕಿ. ಮೊದಲನೆಯದು ಸೇವಕ, ಎರಡನೆಯದು ಸೇವಕಿ. ಸ್ತ್ರೀರೂಪ ಇದ್ದರೆ ಪುಸ್ತಕ ಒಬ್ಬ ಹೆಂಗಸಿಗಾಗಿ ಬರೆದದ್ದು ಎಂದು ಧೈರ್ಯವಾಗಿ ಹೇಳಬಹುದು. ಪುರುಷರೂಪ ರೂಢಿಯಿಂದಲೂ ಬಂದಿರಬಹುದು.

ಸವೆತವನ್ನು ದೋಷವೆಂದು ಭಾವಿಸಬೇಡಿ

ಮಸುಕಾದ ಚಿತ್ರ ಕಂಡರೆ ಅನೇಕರು ಮುಂದೆ ಹೋಗುತ್ತಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಇಂಥ ಹಾಳೆಗಳೇ. ಸಂತರ ಪಾದವೋ ಮುಖವೋ ಮಾತ್ರ ಅಳಿಸಿ, ಉಳಿದ ಭಾಗ ಹೊಸದಾಗಿಯೇ ಇದ್ದರೆ ಅದು ಮುತ್ತಿಟ್ಟ, ಬೆರಳಿಂದ ಮುಟ್ಟಿ ನಮಸ್ಕರಿಸಿದ ಗುರುತಾಗಿರುವ ಸಾಧ್ಯತೆ ಹೆಚ್ಚು. ದೆವ್ವದ ಮುಖವನ್ನು ಮಾತ್ರ ಉಗುರಿನಿಂದ ಕೆರೆದು ತೆಗೆದಿರುವುದೂ ಇದೆ. ಹಾಳೆಯ ಕೆಳಗಿನ ಮೂಲೆಯನ್ನು ನೋಡಿ: ಹೆಬ್ಬೆರಳ ಕೊಳೆ ಕೆಲವೇ ಪುಟಗಳಲ್ಲಿ ದಟ್ಟವಾಗಿರುತ್ತದೆ. ವಿದ್ವಾಂಸೆ ಕ್ಯಾಥರಿನ್ ರೂಡಿ ಅವರು ಡೆನ್ಸಿಟೋಮೀಟರ್ ಎಂಬ ಉಪಕರಣದಿಂದ ಹಸ್ತಪ್ರತಿಗಳ ಈ ಕೊಳೆಯನ್ನೇ ಅಳೆದು, ಯಾವ ಪ್ರಾರ್ಥನೆಯನ್ನು ಹೆಚ್ಚು ಓದುತ್ತಿದ್ದರು ಎಂದು ತೋರಿಸಿಕೊಟ್ಟಿದ್ದಾರೆ. ನಮ್ಮ ಬಳಿ ಉಪಕರಣ ಬೇಡ. ಒಂದೇ ಪುಸ್ತಕದ ಹತ್ತು ಸಂತರ ಪುಟಗಳನ್ನು ಒಟ್ಟಿಗೆ ತೆರೆದು ಮೂಲೆಗಳನ್ನು ಹೋಲಿಸಿದರೆ ಒಡೆಯರ ನೆಚ್ಚಿನ ಸಂತರು ಯಾರೆಂದು ಕಣ್ಣಿಗೇ ತಿಳಿಯಬಹುದು.

ಬಣ್ಣದ ಬದಲಾವಣೆಯೂ ಮೋಸ ಮಾಡುತ್ತದೆ. ಜಾರ್ಜ್, ಮಿಕೇಲರ ಕವಚ ಅಥವಾ ಕ್ರಿಸ್ಟೊಫರ್ ದಾಟುವ ಹೊಳೆ ಕಪ್ಪಾಗಿದ್ದರೆ ಅದು ಮೂಲದಲ್ಲಿ ಬೆಳ್ಳಿಯ ರೇಕು, ಗಾಳಿಗೆ ಕಪ್ಪಾಗಿದೆ. ಚಿನ್ನದ ರೇಕು ಹಾಗೆಯೇ ಉಳಿದಿದೆ. ಕೆಂಪು ಇಂಗಳೀಕ, ಉತ್ತಮ ನೀಲಿ ಅಫ್ಘಾನಿಸ್ತಾನದ ಬದಖ್ಶಾನಿನಿಂದ ಬಂದ ಲಾಜವರ್ದದ ಕಲ್ಲಿನ ಪುಡಿ.

ಅಚ್ಚು ಯಾವುದು, ನಕಲಿ ಯಾವುದು

1480ರ ದಶಕದಿಂದ ಪ್ಯಾರಿಸ್ಸಿನ ಮುದ್ರಕರು ಇದೇ ಪುಸ್ತಕಗಳನ್ನು ಅಚ್ಚು ಹಾಕತೊಡಗಿದರು. ಕರುವಿನ ಚರ್ಮದ ಹಾಳೆಯ ಮೇಲೆಯೇ ಅಚ್ಚು, ಅದರ ಮೇಲೆ ಕೈಯಿಂದ ಬಣ್ಣ. ಒಂದೇ ಸಾಲಿನ ಎರಡು ‘ಎ’ಗಳನ್ನು ಹಿಗ್ಗಿಸಿ ಹೋಲಿಸಿ. ಅಚ್ಚಿನಲ್ಲಿ ಅವು ತದ್ರೂಪ, ಕೈಬರಹದಲ್ಲಿ ಅಲ್ಲ.

ಇನ್ನು ನಕಲಿ. 1900ರ ಆಸುಪಾಸಿನಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿದನೆಂದು ತಿಳಿಯಲಾದ, ‘ಸ್ಪ್ಯಾನಿಷ್ ಫೋರ್ಜರ್’ ಎಂದೇ ಹೆಸರಾದ ಅಜ್ಞಾತ ಚಿತ್ರಕಾರ ನಿಜವಾದ ಹಳೆಯ ಹಾಳೆಗಳ ಮೇಲೆ ಹೊಸ ಚಿತ್ರ ಬರೆದು ಸಂಗ್ರಾಹಕರನ್ನು ವಂಚಿಸಿದ. ಮಾರ್ಗನ್ ಗ್ರಂಥಾಲಯದ ಬೆಲ್ ದ ಕೋಸ್ಟಾ ಗ್ರೀನ್ ಅವನ ಕೈಚಳಕವನ್ನು ಬೇರ್ಪಡಿಸಿ ಆ ಹೆಸರಿಟ್ಟರು. ಧಾರ್ಮಿಕ ದೃಶ್ಯಕ್ಕೆ ಹೊಂದದಷ್ಟು ತಗ್ಗಿದ ಕೊರಳಿನ ಉಡುಪು, ಸಿಹಿಯಾದ ಪುಟ್ಟ ಬಾಯಿ ಅವನ ಗುರುತು. 19ನೆಯ ಶತಮಾನದ ತಾಮ್ರ ಮತ್ತು ಆರ್ಸೆನಿಕ್ ಬೆರೆತ ಹಸಿರು ಬಣ್ಣವೂ ಅವನನ್ನು ಹಿಡಿದುಕೊಟ್ಟಿದೆ.

ಬಿಡಿ ಹಾಳೆ ಕೊಳ್ಳುವ ಆಸೆ ಬಂದರೆ ದಯವಿಟ್ಟು ಕೊಳ್ಳಬೇಡಿ. ಇಡೀ ಪುಸ್ತಕಕ್ಕಿಂತ ಕತ್ತರಿಸಿದ ಹಾಳೆಗಳಿಗೆ ಹೆಚ್ಚು ಹಣ ಸಿಗುತ್ತದೆ ಎಂಬ ಕಾರಣಕ್ಕೇ ಪುಸ್ತಕಗಳನ್ನು ಬಿಚ್ಚುತ್ತಾರೆ. ಮಾರ್ಗರೆಟ್ ಒಂದು ದೇಶಕ್ಕೆ, ಪಂಚಾಂಗ ಇನ್ನೊಂದು ದೇಶಕ್ಕೆ ಹೋದರೆ ಮೇಲೆ ಹೇಳಿದ ಯಾವ ಪತ್ತೆದಾರಿಯೂ ಸಾಧ್ಯವಿಲ್ಲ.

ಯಾವ ಕ್ರಮದಲ್ಲಿ ಅಭ್ಯಾಸ ಮಾಡಬೇಕು

ಗ್ಯಾಲಿಕಾದಲ್ಲಿ ‘ಲ್ಯಾಟಿನ್ 9474’ ಎಂಬ ಸಂಖ್ಯೆಯಿಂದ ಆರಂಭಿಸಿ. ಬ್ರಿಟನಿಯ ಆನ್ ರಾಣಿಗಾಗಿ ಜಾಂ ಬೂರ್ದಿಶೋಂ 1503ರಿಂದ 1508ರ ನಡುವೆ ಚಿತ್ರಿಸಿದ ಪುಸ್ತಕವದು. ಸುಮಾರು 30 ಸೆಂಟಿಮೀಟರ್ ಎತ್ತರದ ಹಾಳೆ, ಪುಟ ತುಂಬುವ ಸಂತರು, ಸ್ಪಷ್ಟ ಲಾಂಛನಗಳು. ಪಠ್ಯದ ಅಂಚಿನಲ್ಲಿ ಮುನ್ನೂರಕ್ಕೂ ಹೆಚ್ಚು ಗಿಡಗಳಿವೆ, ಮೇಲೆ ಲ್ಯಾಟಿನ್ ಹೆಸರು, ಕೆಳಗೆ ಫ್ರೆಂಚ್ ಹೆಸರು. ಹಲವು ಮಕ್ಕಳನ್ನು ಕಳೆದುಕೊಂಡ ಈ ರಾಣಿಯ ಪುಸ್ತಕದಲ್ಲಿ ಮಾರ್ಗರೆಟ್ ಪುಟವನ್ನು ತಪ್ಪಿಸಬೇಡಿ.

ಎರಡನೆಯದಾಗಿ ಮೆಟ್ರೊಪಾಲಿಟನ್ ಮ್ಯೂಸಿಯಂನ ಕ್ಲಾಯ್ಸ್ಟರ್ಸ್ ವಿಭಾಗದಲ್ಲಿರುವ ‘ಬೆಲ್ ಯೂರ್’. ಲಿಂಬೂರ್ಗ್ ಸಹೋದರರು ಅದರಲ್ಲಿ ಕ್ಯಾಥರೀನ್ ಕತೆಯನ್ನು ಪುಟ ಪುಟವಾಗಿ, ಓದುವ ಕೋಣೆಯಿಂದ ಸಿನಾಯ್ ಬೆಟ್ಟದವರೆಗೆ ಬರೆದಿದ್ದಾರೆ. ಚಕ್ರ ಎಲ್ಲಿಂದ ಬಂತು, ಖಡ್ಗ ಯಾಕೆ ಎಂಬುದು ಅಲ್ಲಿ ಕಣ್ಣೆದುರೇ ನಡೆಯುತ್ತದೆ. ಅಲ್ಲಿಯೇ ಜಾಂ ಪ್ಯೂಸೆಲ್ ಚಿತ್ರಿಸಿದ, 9 ಸೆಂಟಿಮೀಟರಿನಷ್ಟೇ ಎತ್ತರದ ಜಾನ್ ದೆವ್ರೂ ರಾಣಿಯ ಪುಸ್ತಕವಿದೆ. ಅದರಲ್ಲಿ ಆಕೆಯ ಮನೆತನದ ಹಿರಿಯನೇ ಆದ ಸಂತ ಲೂಯಿ ರಾಜನ ಕತೆಯಿದೆ.

ಮೂರನೆಯದಾಗಿ, ಚಿತ್ರಕಾರರ ಹೆಸರು ಗೊತ್ತಿಲ್ಲದ, ಯಾವ ರಾಜರಿಗೂ ಸೇರದ ಒಂದು ಸಾಧಾರಣ ರೂಆನ್ ಪುಸ್ತಕವನ್ನು ವಾಲ್ಟರ್ಸ್ ಅಥವಾ ಗ್ಯಾಲಿಕಾ ಸಂಗ್ರಹದಿಂದ ಆರಿಸಿ. ಗ್ರಂಥಾಲಯದ ವಿವರಣೆಯನ್ನು ಮೊದಲು ಓದಬೇಡಿ. ಕಾಗದ, ಪೆನ್ಸಿಲ್ ಹಿಡಿದು ಹಾಳೆಯ ಸಂಖ್ಯೆ, ಕೆಂಪು ಶೀರ್ಷಿಕೆ, ಕೈಯಲ್ಲಿರುವ ವಸ್ತು, ಸವೆತ ಇಷ್ಟನ್ನು ಒಂದೊಂದು ಸಾಲಿನಲ್ಲಿ ಬರೆದು, ನಿಮ್ಮ ಉತ್ತರವನ್ನೂ ಬರೆದ ಮೇಲೆ ವಿವರಣೆಯೊಂದಿಗೆ ತಾಳೆ ನೋಡಿ.